ಕೆಟಮೈನ್ ನೆರವಿನ ಮನೋಚಿಕಿತ್ಸೆ: ಮೊದಲ ತಪಾಸಣೆಯಿಂದ ಕೊನೆಯ ಡೋಸ್‌ವರೆಗೆ

ಮಾತ್ರೆ ಬದಲಿಸಿದ್ದಾಯಿತು, ತಿಂಗಳುಗಟ್ಟಲೆ ಕಾದದ್ದೂ ಆಯಿತು, ಖಿನ್ನತೆ ಮಾತ್ರ ಕದಲಲಿಲ್ಲ ಎನ್ನುವವರ ಕಿವಿಗೆ ಇಂದು ಒಂದಲ್ಲ ಒಂದು ದಿನ ಕೆಟಮೈನ್ ಹೆಸರು ಬಿದ್ದೇ ಬೀಳುತ್ತದೆ. ಕೆಲವರು ಅದನ್ನು ಪವಾಡ ಎನ್ನುತ್ತಾರೆ, ಕೆಲವರು ಪಾರ್ಟಿಗಳ ನಶೆ ಪುಡಿ ಎಂದು ಮೂಗು ಮುರಿಯುತ್ತಾರೆ. ಮೂಲದಲ್ಲಿ ಅದು ಅರಿವಳಿಕೆ ಔಷಧಿ. 1962ರಲ್ಲಿ ಪಾರ್ಕ್-ಡೇವಿಸ್ ಕಂಪನಿಗಾಗಿ ರಸಾಯನವಿಜ್ಞಾನಿ ಕ್ಯಾಲ್ವಿನ್ ಸ್ಟೀವನ್ಸ್ ತಯಾರಿಸಿದ್ದು, 1970ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದದ್ದು, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇಂದಿಗೂ ಇರುವಂಥದ್ದು. ಅರಿವಳಿಕೆಗೆ ಬೇಕಾಗುವುದಕ್ಕಿಂತ ಬಹಳ ಕಡಿಮೆ ಪ್ರಮಾಣ ಕೊಟ್ಟರೆ ಖಿನ್ನತೆ ಬೇಗ ಇಳಿಯುತ್ತದೆ ಎಂದು 2000ದಲ್ಲಿ ಯೇಲ್ ವಿಶ್ವವಿದ್ಯಾಲಯದ ಚಿಕ್ಕದೊಂದು ಪ್ರಯೋಗ ತೋರಿಸಿತು.

ಈ ಚಿಕಿತ್ಸೆಯ ಬಲ ಮತ್ತು ದೌರ್ಬಲ್ಯ ಎರಡೂ ಒಟ್ಟಿಗೇ ಕಂಡದ್ದು 2006ರಲ್ಲಿ, ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಕಾರ್ಲೋಸ್ ಜರಾಟೆ ತಂಡ ನಡೆಸಿದ ಪ್ರಯೋಗದಲ್ಲಿ. ಕೆಟಮೈನ್ ಪಡೆದ 17 ಮಂದಿಯಲ್ಲಿ ಶೇ 71ರಷ್ಟು ಮಂದಿಗೆ ಒಂದೇ ದಿನದಲ್ಲಿ ಗಣನೀಯ ಸುಧಾರಣೆ ಕಂಡಿತು. ಅದು ಒಂದು ವಾರವಾದರೂ ಉಳಿದದ್ದು ಶೇ 35ರಷ್ಟು ಮಂದಿಯಲ್ಲಿ. ಏರಿದ್ದು ಒಂದು ದಿನದಲ್ಲಿ, ಜಾರಿದ್ದು ಒಂದು ವಾರದೊಳಗೆ. ಔಷಧಿಯ ಜೊತೆ ಮನೋಚಿಕಿತ್ಸೆ ಬೆಸೆಯುವುದು ಈ ಒಂದು ವಾರಕ್ಕಾಗಿ. ಡೋಸ್‌ನ ನಲವತ್ತು ನಿಮಿಷಕ್ಕೆ ಎಲ್ಲ ಸಿದ್ಧತೆ ಮಾಡಿಕೊಂಡು, ಆಮೇಲಿನ ಏಳು ದಿನಕ್ಕೆ ಏನೂ ಮಾಡಿಕೊಳ್ಳದಿದ್ದರೆ ದುಬಾರಿ ಚಿಕಿತ್ಸೆಯ ಅರ್ಧ ಭಾಗ ಮಾತ್ರ ಪಡೆದಂತೆ.

ಇದು ನಿಜಕ್ಕೂ ಮಾತ್ರೆಗೆ ಬಗ್ಗದ ಖಿನ್ನತೆಯೇ?

ಕನಿಷ್ಠ ಎರಡು ಬೇರೆ ಬೇರೆ ಖಿನ್ನತೆ-ನಿವಾರಕ ಔಷಧಿಗಳನ್ನು, ಸಾಕಷ್ಟು ಡೋಸ್‌ನಲ್ಲಿ, ಒಂದೊಂದನ್ನೂ 6ರಿಂದ 8 ವಾರ ತೆಗೆದುಕೊಂಡೂ ಗುಣ ಕಾಣದಿದ್ದರೆ ಮಾತ್ರ ವೈದ್ಯರು ಅದನ್ನು ಚಿಕಿತ್ಸೆಗೆ ಬಗ್ಗದ ಖಿನ್ನತೆ ಎನ್ನುತ್ತಾರೆ. ಹೊಟ್ಟೆ ತೊಳಸಿತೆಂದು ಎರಡನೇ ವಾರಕ್ಕೇ ಬಿಟ್ಟ ಮಾತ್ರೆ, ಆರಂಭದ ಡೋಸ್‌ನಿಂದ ಮೇಲೇರಿಸದೇ ಇದ್ದ ಮಾತ್ರೆ ಈ ಲೆಕ್ಕಕ್ಕೆ ಬರುವುದಿಲ್ಲ.

ಆದ್ದರಿಂದ ಮೊದಲ ಭೇಟಿಗೆ ಹೋಗುವಾಗ ಒಂದು ಹಾಳೆ ಒಯ್ಯಿರಿ. ಐದು ಕಾಲಂ ಸಾಕು: ಔಷಧಿಯ ಹೆಸರು, ಮುಟ್ಟಿದ ಗರಿಷ್ಠ ಡೋಸ್, ಎಷ್ಟು ವಾರ, ಏನಾಯಿತು, ಯಾಕೆ ನಿಲ್ಲಿಸಿದಿರಿ. ಹಳೆಯ ಚೀಟಿಗಳು ಸಿಕ್ಕಷ್ಟು ಜೊತೆಗಿರಲಿ. ಈ ಹಾಳೆ ಬರೆಯುತ್ತ ಕೂತಾಗಲೇ ಕೆಲವರಿಗೆ ತಾವು ಒಂದು ಮಾತ್ರೆಯನ್ನೂ ಪೂರ್ತಿ ಪ್ರಯತ್ನಿಸಿಲ್ಲ ಎಂಬುದು ಹೊಳೆಯುತ್ತದೆ. ಥೈರಾಯ್ಡ್ ಕೊರತೆ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ಬಿ12 ಕೊರತೆ, ಕುಡಿತ, ಇನ್ನೂ ಗುರುತಿಸದ ಬೈಪೋಲಾರ್ ಕಾಯಿಲೆ ಇವೆಲ್ಲ ಖಿನ್ನತೆಯನ್ನು ಹಿಡಿದು ನಿಲ್ಲಿಸಬಲ್ಲವು. ಮೊದಲು ಇವುಗಳ ವಿಚಾರಣೆ ಆಗಲಿ.

ಬೇರೆ ದಾರಿಗಳೂ ಇವೆ ಎಂಬುದು ತಲೆಯಲ್ಲಿರಲಿ. ಇಸಿಟಿ (ಅರಿವಳಿಕೆ ಕೊಟ್ಟು ಮಿದುಳಿಗೆ ಲಘು ವಿದ್ಯುತ್ ಹಾಯಿಸುವ ಚಿಕಿತ್ಸೆ) ಎಂದರೆ ಜನ ಹೆದರುತ್ತಾರೆ, ಆದರೆ ಖಿನ್ನತೆಯ ಜೊತೆ ಭ್ರಮೆ ಇದ್ದಾಗ ಅದರ ಮುಂದೆ ಕೆಟಮೈನ್ ನಿಲ್ಲುವುದಿಲ್ಲ. ಭ್ರಮೆ ಇಲ್ಲದ ಖಿನ್ನತೆಯಲ್ಲಿ ಎರಡನ್ನೂ ಹೋಲಿಸಿದ 2023ರ ಅಮೆರಿಕದ ಪ್ರಯೋಗವೊಂದರಲ್ಲಿ ಕೆಟಮೈನ್‌ಗೆ ಶೇ 55.4, ಇಸಿಟಿಗೆ ಶೇ 41.2 ಮಂದಿ ಸ್ಪಂದಿಸಿದರು.

ಯಾರಿಗೆ ಬೇಡ

ಸ್ಕಿಜೋಫ್ರೇನಿಯಾ ಅಥವಾ ವಾಸ್ತವದ ಅರಿವು ತಪ್ಪುವ ಇನ್ನಾವುದೇ ಸೈಕೋಸಿಸ್ ಇರುವವರು, ಸದ್ಯ ಉನ್ಮಾದದ ಹಂತದಲ್ಲಿರುವವರು, ಬಿಪಿ ಹತೋಟಿಗೆ ಬಾರದವರು, ರಕ್ತನಾಳ ಉಬ್ಬಿದ ಅನ್ಯೂರಿಸಂ ಅಥವಾ ಹಿಂದೆ ಮಿದುಳಿನಲ್ಲಿ ರಕ್ತಸ್ರಾವ ಆದವರು, ಗರ್ಭಿಣಿಯರು, ಸದ್ಯ ಮದ್ಯ ಅಥವಾ ಡ್ರಗ್ಸ್ ಚಟದಲ್ಲಿರುವವರು ಇದಕ್ಕೆ ಕೈ ಹಾಕಬಾರದು. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ಯಕೃತ್ತು ತೀವ್ರವಾಗಿ ಕೆಟ್ಟಿದ್ದರೆ, ಮೂತ್ರಕೋಶದ ದೀರ್ಘಕಾಲದ ಉರಿಯೂತ ಅಥವಾ ಹತೋಟಿಯಲ್ಲಿಲ್ಲದ ಗ್ಲಾಕೋಮಾ ಇದ್ದರೆ ಆಯಾ ತಜ್ಞರನ್ನು ಕೇಳದೆ ಮುಂದುವರಿಯಬೇಡಿ.

ಇವುಗಳಲ್ಲಿ ಬಿಪಿಯ ವಿಷಯ ಪಟ್ಟಿಯಲ್ಲಿ ಒಂದು ಸಾಲಾಗಿ ಕಳೆದುಹೋಗಬಾರದು. ಕೆಟಮೈನ್ ಪ್ರತಿ ಬಾರಿಯೂ ಬಿಪಿ ಏರಿಸುತ್ತದೆ; ಸುಮಾರು 40 ನಿಮಿಷಕ್ಕೆ ತುದಿ ಮುಟ್ಟಿ ಆಮೇಲೆ ಮೆಲ್ಲಗೆ ಇಳಿಯುತ್ತದೆ. ಹೆಚ್ಚಿನವರಲ್ಲಿ ಏರಿಕೆ ಹತ್ತಿಪ್ಪತ್ತು ಅಂಕ ಮಾತ್ರ, ಕೆಲವರಲ್ಲಿ ಅದಕ್ಕಿಂತ ಹೆಚ್ಚು. ಶುರುವಿಗೇ 160 ಇದ್ದವರು ಎಲ್ಲಿಗೆ ಹೋಗಿ ನಿಲ್ಲುತ್ತಾರೆಂದು ಲೆಕ್ಕ ಹಾಕಿ. ಆರಂಭದ ಅಳತೆ 140/90 ದಾಟಿದ್ದರೆ ಒಳ್ಳೆಯ ಕೇಂದ್ರಗಳು ಅರ್ಧ ಗಂಟೆ ಕೂರಿಸಿ ಮತ್ತೆ ನೋಡುತ್ತವೆ, ಇಳಿಯದಿದ್ದರೆ ಆ ದಿನದ ಡೋಸ್ ಮುಂದೂಡುತ್ತವೆ. ಇಷ್ಟು ದೂರ ಬಂದಿದ್ದೀರಿ, ಪರವಾಗಿಲ್ಲ ಬಿಡಿ ಎನ್ನುವ ಕೇಂದ್ರದಿಂದ ಎದ್ದು ಬರುವುದೇ ಸರಿ.

ತಪಾಸಣೆಗಳು: ಬಿಪಿ, ತೂಕ, ರಕ್ತದ ಸಾಮಾನ್ಯ ಪರೀಕ್ಷೆ, ಥೈರಾಯ್ಡ್, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ, ಮೂತ್ರದ ಸಾಮಾನ್ಯ ಪರೀಕ್ಷೆ, ಗರ್ಭಧಾರಣೆಯ ಸಾಧ್ಯತೆ ಇರುವವರಿಗೆ ಅದರ ಪರೀಕ್ಷೆ, ವಯಸ್ಸಾದವರಿಗೆ ಮತ್ತು ಹೃದಯದ ತೊಂದರೆ ಇರುವವರಿಗೆ ಇಸಿಜಿ.

ಈಗಾಗಲೇ ನುಂಗುತ್ತಿರುವ ಮಾತ್ರೆಗಳು

ಖಿನ್ನತೆಯ ಮಾತ್ರೆಗಳನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ, ಕೆಟಮೈನ್ ಅವುಗಳ ಜೊತೆಗೇ ನಡೆಯುತ್ತದೆ. ತಕರಾರು ಬರುವುದು ಬೇರೆಯವುಗಳಿಂದ. ಆತಂಕಕ್ಕೆ, ನಿದ್ರೆಗೆ ಕೊಡುವ ಕ್ಲೊನಾಜೆಪಾಂ, ಲೋರಾಜೆಪಾಂ, ಡಯಾಜೆಪಾಂ ಇವು ಕೆಟಮೈನ್‌ನ ಖಿನ್ನತೆ-ನಿವಾರಕ ಗುಣವನ್ನು ಮಂಕಾಗಿಸುವ ಸಾಧ್ಯತೆ ಇದೆ. ಹಾಗಾಗಿ ಡೋಸ್‌ನ ಹಿಂದಿನ ರಾತ್ರಿ ಅಥವಾ ಅಂದು ಬೆಳಿಗ್ಗೆಯ ಮಾತ್ರೆಯನ್ನು ಬಿಡಲು ವೈದ್ಯರು ಹೇಳುವುದುಂಟು. ಆದರೆ ವರ್ಷಗಟ್ಟಲೆ ತೆಗೆದುಕೊಂಡವರು ಇದನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಬಿಡುವುದಾದರೆ ವಾರಗಟ್ಟಲೆ ಇಳಿಸುತ್ತ ಬಿಡಬೇಕು, ಅದೂ ವೈದ್ಯರ ಲೆಕ್ಕದಲ್ಲಿ.

ಫಿಟ್ಸ್‌ಗೆ, ಬೈಪೋಲಾರ್‌ಗೆ ಕೊಡುವ ಲ್ಯಾಮೋಟ್ರಿಜಿನ್ ಕೂಡ ಪರಿಣಾಮ ತಗ್ಗಿಸಬಹುದು. ಗಮನ ನಿಲ್ಲದ ತೊಂದರೆಯಾದ ಎಡಿಎಚ್‌ಡಿಗೆ ಕೊಡುವ ಉತ್ತೇಜಕ ಮಾತ್ರೆಗಳು ಮತ್ತು ಎಂಎಒ ತಡೆಗಳೆಂಬ ಹಳೆಯ ಬಗೆಯ ಖಿನ್ನತೆ ಮಾತ್ರೆಗಳು ಬಿಪಿಯನ್ನು ಇನ್ನಷ್ಟು ಏರಿಸುತ್ತವೆ. ಕ್ಲಾರಿಥ್ರೊಮೈಸಿನ್‌ನಂಥ ಆ್ಯಂಟಿಬಯಾಟಿಕ್ ಕೆಟಮೈನ್ ದೇಹದಿಂದ ಹೊರಬೀಳುವುದನ್ನು ನಿಧಾನಿಸುತ್ತದೆ; ಕೋರ್ಸ್ ಮುಗಿಯುವವರೆಗೆ ಕಾಯುವುದು ಮೇಲು. ಮಾರ್ಫಿನ್‌ನಂಥ ಓಪಿಯಾಯ್ಡ್ ನೋವು ನಿವಾರಕ, ನಿದ್ರೆ ಮಾತ್ರೆ, ಮದ್ಯ ಇವೆಲ್ಲ ಸೇರಿದರೆ ಮಂಪರು ಆಳವಾಗಿ ಉಸಿರಾಟಕ್ಕೇ ತೊಂದರೆ ಆಗಬಹುದು. ಗಿಡಮೂಲಿಕೆ, ಗಾಂಜಾ ಎಲ್ಲವನ್ನೂ ಹೇಳಿಬಿಡಿ. ಇಲ್ಲಿ ನಾಚಿಕೆಪಟ್ಟು ಮುಚ್ಚಿಟ್ಟರೆ ಅದರ ಫಲ ಉಣ್ಣುವವರು ನೀವೇ.

ಕೊಡುವ ದಾರಿ, ಡೋಸ್‌ನ ಲೆಕ್ಕ

ರಕ್ತನಾಳಕ್ಕೆ ಡ್ರಿಪ್ ಮೂಲಕ ಕೊಟ್ಟರೆ ಔಷಧಿ ಪೂರ್ತಿ ಒಳಗೆ ಸೇರುತ್ತದೆ. ಸ್ನಾಯುವಿಗೆ ಚುಚ್ಚಿದರೆ ಸುಮಾರು ಶೇ 93, ಮೂಗಿನಿಂದ ಹೆಚ್ಚುಕಡಿಮೆ ಅರ್ಧ, ನಾಲಿಗೆಯಡಿ ಕರಗಿಸಿದರೆ ಮೂರನೇ ಒಂದು ಭಾಗದ ಆಸುಪಾಸು, ನುಂಗಿದರೆ ಶೇ 20ರ ಒಳಗೆ. ಅಂದರೆ ಮಿಲಿಗ್ರಾಂ ಸಂಖ್ಯೆಯೊಂದನ್ನೇ ನೋಡಿ ಒಂದು ದಾರಿಯನ್ನು ಇನ್ನೊಂದಕ್ಕೆ ಹೋಲಿಸಲು ಬರುವುದಿಲ್ಲ.

ಡ್ರಿಪ್‌ನ ವಾಡಿಕೆಯ ಅಳತೆ ಪ್ರತಿ ಕಿಲೋ ತೂಕಕ್ಕೆ 0.5 ಮಿ.ಗ್ರಾಂ, 40 ನಿಮಿಷದಲ್ಲಿ. 70 ಕಿಲೋ ತೂಗುವವರಿಗೆ 35 ಮಿ.ಗ್ರಾಂ. ಬಾಟಲಿಯಲ್ಲಿ ಒಂದು ಮಿ.ಲೀ.ಗೆ 50 ಮಿ.ಗ್ರಾಂ ಇದ್ದರೆ ಸಿರಿಂಜಿಗೆ ಎಳೆಯಬೇಕಾದದ್ದು 0.7 ಮಿ.ಲೀ. ಅದನ್ನು 100 ಮಿ.ಲೀ. ಸಲೈನ್‌ಗೆ ಬೆರೆಸಿ ಪಂಪನ್ನು ಗಂಟೆಗೆ 150 ಮಿ.ಲೀ.ಗೆ ಇಟ್ಟರೆ 40 ನಿಮಿಷಕ್ಕೆ ಮುಗಿಯುತ್ತದೆ. ಈ ಲೆಕ್ಕ ನೀವು ಮಾಡಿಕೊಳ್ಳಲಿಕ್ಕಲ್ಲ, ಮುಂದೆ ಕುರ್ಚಿಯಲ್ಲಿ ಒರಗಿದಾಗ ಏನು ನಡೆಯುತ್ತಿದೆ ಎಂದು ಗೊತ್ತಿರಲಿ ಎಂದು. ಕೆಟಮೈನ್ ಬಾಟಲಿಗಳು ಮಿ.ಲೀ.ಗೆ 10, 50, 100 ಮಿ.ಗ್ರಾಂ ಹೀಗೆ ಬೇರೆ ಬೇರೆ ಸಾಂದ್ರತೆಯಲ್ಲಿ ಬರುತ್ತವೆ. 50ರದ್ದೆಂದು 100ರ ಬಾಟಲಿಯಿಂದ ಎಳೆದರೆ ಡೋಸ್ ನೇರ ದುಪ್ಪಟ್ಟು. ಅದಕ್ಕೇ ಇಬ್ಬರು ಪ್ರತ್ಯೇಕವಾಗಿ ಲೆಕ್ಕ ಹಾಕಿ ತಾಳೆ ನೋಡುವ ಪದ್ಧತಿ ಇರಬೇಕು, ತೂಕವನ್ನು ಅಂದೇ ತಕ್ಕಡಿಯ ಮೇಲೆ ನಿಲ್ಲಿಸಿ ನೋಡಬೇಕು.

ಡ್ರಿಪ್‌ನ ದೊಡ್ಡ ಅನುಕೂಲವೆಂದರೆ ತೊಂದರೆ ಕಂಡರೆ ತಕ್ಷಣ ನಿಲ್ಲಿಸಬಹುದು. ಸ್ನಾಯುವಿನ ಚುಚ್ಚುಮದ್ದಿಗೆ ಆ ಸೌಲಭ್ಯವಿಲ್ಲ, ಚುಚ್ಚಿದ ಮೇಲೆ ಮುಗಿಯಿತು. 2ರಿಂದ 5 ನಿಮಿಷದಲ್ಲಿ ಏರುತ್ತದೆ, ಅನುಭವವೂ ಗಾಢ. ಮನೋಚಿಕಿತ್ಸೆಯ ಕಡೆಗೆ ಹೆಚ್ಚು ವಾಲಿದ ಕೇಂದ್ರಗಳು ಈ ದಾರಿ ಹಿಡಿಯುತ್ತವೆ, ಡೋಸ್ ಸಾಮಾನ್ಯವಾಗಿ ಕಿಲೋಗೆ 0.5ರಿಂದ 1.5 ಮಿ.ಗ್ರಾಂ ನಡುವೆ. ಮೊದಲ ಬಾರಿಗೆ ಕೆಳತುದಿಯಿಂದಲೇ ಶುರು ಮಾಡುವುದು ಜಾಣತನ.

ಮೂಗಿನ ಸ್ಪ್ರೇಯಲ್ಲಿರುವುದು ಎಸ್‌ಕೆಟಮೈನ್; ಕನ್ನಡಿಯ ಬಿಂಬದಂತೆ ಎದುರುಬದುರಾದ ಎರಡು ರೂಪಗಳ ಅಣುಗಳು ಕೆಟಮೈನ್‌ನಲ್ಲಿವೆ, ಇದು ಅವುಗಳಲ್ಲಿ ಒಂದು. ಸ್ಪ್ರಾವಾಟೊ ಹೆಸರಿನಲ್ಲಿ 2019ರ ಮಾರ್ಚ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಪಡೆಯಿತು. ಒಂದೊಂದು ಸಾಧನದಲ್ಲಿ 28 ಮಿ.ಗ್ರಾಂ, 56 ಮಿ.ಗ್ರಾಂಗೆ ಎರಡು, 84ಕ್ಕೆ ಮೂರು, ನಡುವೆ ಐದೈದು ನಿಮಿಷ ಬಿಡುವು. ತಲೆಯನ್ನು 45 ಡಿಗ್ರಿಯಷ್ಟು ಹಿಂದಕ್ಕೆ ಒರಗಿಸಿ ಮೆಲ್ಲಗೆ ಉಸಿರೆಳೆಯಬೇಕು. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಇಳಿದು ಕಹಿ, ವಾಕರಿಕೆ. ಮೂಗು ಕಟ್ಟಿ ಬೇರೆ ಸ್ಪ್ರೇ ಹಾಕಿಕೊಳ್ಳುವುದಿದ್ದರೆ ಒಂದು ಗಂಟೆ ಮುಂಚೆ ಮುಗಿಸಿ. ಮೊದಲ ನಾಲ್ಕು ವಾರ ವಾರಕ್ಕೆ ಎರಡು ಬಾರಿ, ಮುಂದಿನ ನಾಲ್ಕು ವಾರ ವಾರಕ್ಕೊಮ್ಮೆ, ಆಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ. ಪ್ರತಿ ಬಾರಿಯೂ ಕನಿಷ್ಠ ಎರಡು ಗಂಟೆ ನಿಗಾ ಕಡ್ಡಾಯ. ಸಾಮಾನ್ಯ ಕೆಟಮೈನ್‌ಗೆ ಖಿನ್ನತೆಯ ಹೆಸರಿನಲ್ಲಿ ಎಫ್‌ಡಿಎ ಅನುಮತಿ ಇಲ್ಲ, ವೈದ್ಯರು ತಮ್ಮ ಹೊಣೆಯ ಮೇಲೆ ಕೊಡುತ್ತಾರೆ. ಈ ವ್ಯತ್ಯಾಸ ಸಮ್ಮತಿ ಪತ್ರದಲ್ಲಿ ಬರೆದಿರಬೇಕು.

ಇನ್ನು ಅಂಚೆಯಲ್ಲಿ ಬಂದ ಬಿಲ್ಲೆಯನ್ನು ಮನೆಯಲ್ಲೇ ಚೀಪುವ ಪದ್ಧತಿ. ಅಲ್ಲಿ ಬಿಪಿ ನೋಡುವವರಿಲ್ಲ, ಉಸಿರು ನೋಡುವವರಿಲ್ಲ. 2023ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಇದರ ಅಪಾಯ ಹೇಳಿ ಎಚ್ಚರಿಕೆ ಹೊರಡಿಸಿತು. ನಮ್ಮ ಸಲಹೆಯೂ ಅದೇ: ಬೇಡ.

ಡೋಸ್‌ಗೆ ಮೊದಲಿನ ಮಾತುಕತೆ

ಒಂದರಿಂದ ಮೂರು ಸೆಷನ್ ಸಿದ್ಧತೆಗೇ ಮೀಸಲಿರಲಿ. ಮೊದಲ ಭೇಟಿಯ ದಿನವೇ ಡ್ರಿಪ್ ಹಾಕುವ ಕೇಂದ್ರ ಔಷಧಿ ಮಾರುತ್ತಿದೆ, ಅಷ್ಟೇ.

ಸಿದ್ಧತೆಯಲ್ಲಿ ಆಗಬೇಕಾದ ಕೆಲಸ ಹಲವು. ಯಾವ ನಂಬಿಕೆ, ಯಾವ ಸಂಬಂಧ, ಯಾವ ನೋವು ಮತ್ತೆ ಮತ್ತೆ ಕೆಳಕ್ಕೆಳೆಯುತ್ತಿದೆ ಎಂದು ಥೆರಪಿಸ್ಟ್ ಜೊತೆ ಗುರುತಿಸಿಕೊಳ್ಳಬೇಕು. ಡೋಸ್‌ನ ದಿನಕ್ಕೆ ಒಂದು ಉದ್ದೇಶ ಇಟ್ಟುಕೊಳ್ಳಬಹುದು, ಆದರೆ ಅದು ಬೇಡಿಕೆಯಾಗಬಾರದು. 'ಇವತ್ತು ಎಲ್ಲ ಗುಣವಾಗಲೇಬೇಕು' ಎಂದು ಹಲ್ಲು ಕಚ್ಚಿ ಕೂತವರಿಗೆ ಏರುವ ಹೊತ್ತು ಕಷ್ಟವಾಗುತ್ತದೆ. 'ನನ್ನ ಮೇಲೆ ನನಗೇ ಇಷ್ಟು ಸಿಟ್ಟು ಯಾಕೆ, ನೋಡೋಣ' ಎನ್ನುವಷ್ಟು ಸಡಿಲವಾಗಿದ್ದರೆ ಒಳ್ಳೆಯದು.

ನಿರೀಕ್ಷೆಯ ಬಲವನ್ನು ಕಡೆಗಣಿಸುವಂತಿಲ್ಲ. 2023ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಪ್ರಯೋಗದಲ್ಲಿ, ಬೇರೆ ಶಸ್ತ್ರಚಿಕಿತ್ಸೆಗೆಂದು ಪೂರ್ಣ ಅರಿವಳಿಕೆಯಲ್ಲಿದ್ದ 40 ಮಂದಿ ಖಿನ್ನತೆಯ ರೋಗಿಗಳಿಗೆ ಕೆಟಮೈನ್ ಅಥವಾ ಬರೀ ಸಲೈನ್ ಕೊಟ್ಟರು. ಯಾವುದು ಸಿಕ್ಕಿತೆಂದು ರೋಗಿಗೆ ತಿಳಿಯುವ ದಾರಿಯೇ ಇರಲಿಲ್ಲ. ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಸಮ ಸುಧಾರಿಸಿದವು. ಇದೊಂದರಿಂದ ಔಷಧಿ ಸುಳ್ಳೆಂದು ಆಗುವುದಿಲ್ಲ. ಆದರೆ ಭರವಸೆ, ಆರೈಕೆ, ಕೂತು ಕೇಳಿಸಿಕೊಳ್ಳುವ ಜನ ಇವು ಚಿಕಿತ್ಸೆಯ ಅಲಂಕಾರವಲ್ಲ, ಚಿಕಿತ್ಸೆಯದೇ ಭಾಗ ಎಂದು ತಿಳಿಯುತ್ತದೆ.

ಸ್ಪರ್ಶದ ವಿಷಯ ಮೊದಲೇ, ಬರವಣಿಗೆಯಲ್ಲಿ ತೀರ್ಮಾನವಾಗಲಿ. ಭಯವಾದಾಗ ಕೈ ಹಿಡಿಯಬಹುದೇ, ಭುಜ ಮುಟ್ಟಬಹುದೇ, ಅಥವಾ ಯಾವುದೂ ಬೇಡವೇ? ಮತ್ತಿನಲ್ಲಿರುವಾಗ ಹೊಸದಾಗಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಮೊದಲು ಬೇಡ ಎಂದದ್ದು ಆಗ ಬೇಕು ಎಂದರೂ ಕೊಡುವಂತಿಲ್ಲ. ಮೊದಲು ಸರಿ ಎಂದದ್ದನ್ನು ಆಗ ಬೇಡ ಎಂದರೆ ತಕ್ಷಣ ನಿಲ್ಲಿಸಬೇಕು. ಕೋಣೆಯಲ್ಲಿ ಇಬ್ಬರು ಸಿಬ್ಬಂದಿ ಇರಬೇಕೆಂದು ಕೇಳುವ ಹಕ್ಕು ನಿಮಗಿದೆ.

ಡೋಸ್‌ನ ದಿನ

ಗಟ್ಟಿ ಆಹಾರ 4ರಿಂದ 6 ಗಂಟೆ ಮೊದಲೇ ನಿಲ್ಲಲಿ, ನೀರು 2 ಗಂಟೆ ಮೊದಲು. ಸ್ಪ್ರೇಗೆ ಆಹಾರ 2 ಗಂಟೆ, ದ್ರವ ಅರ್ಧ ಗಂಟೆ ಸಾಕು. ಸಡಿಲ ಬಟ್ಟೆ, ತೋಳು ಸುಲಭವಾಗಿ ಮೇಲೇರುವಂಥದ್ದು. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ. ಶುರುವಿಗೆ ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ನಡುವೆ ಎದ್ದು ನಡೆಯಲು ಆಗುವುದಿಲ್ಲ. ಕರೆದೊಯ್ಯಲು ಬರುವವರ ಹೆಸರು, ಫೋನ್ ನಂಬರ್ ಕೇಂದ್ರದ ಸ್ವಾಗತ ಮೇಜಿನಲ್ಲಿ ಬರೆಸಿ.

ಕೋಣೆಯಲ್ಲಿ ಆಮ್ಲಜನಕ, ಗಂಟಲಿನ ದ್ರವ ಹೀರುವ ಸಕ್ಷನ್, ಉಸಿರು ಕೊಡುವ ಆಂಬು ಬ್ಯಾಗ್, ಪಲ್ಸ್ ಆಕ್ಸಿಮೀಟರ್, ಬಿಪಿ ಇಳಿಸುವ ಚುಚ್ಚುಮದ್ದು, ಉಸಿರುದಾರಿ ನಿಭಾಯಿಸಬಲ್ಲ ತರಬೇತಿ ಪಡೆದ ಒಬ್ಬರು ಇರಬೇಕು. ಮೆತ್ತನೆ ಸೋಫಾ, ಸುಗಂಧದ ದೀಪ ಎಲ್ಲ ಇದ್ದು ಆಂಬು ಬ್ಯಾಗ್ ಎಲ್ಲಿದೆ ಎಂದರೆ ಸಿಬ್ಬಂದಿ ಮುಖ ಮುಖ ನೋಡಿಕೊಂಡರೆ ಅದು ಸರಿಯಾದ ಜಾಗವಲ್ಲ.

ಸಂಗೀತ ಸಣ್ಣ ವಿಷಯವೆಂದು ಕಾಣುತ್ತದೆ, ಎಡವಟ್ಟಾಗುವುದು ಅಲ್ಲೇ. ಸಾಹಿತ್ಯವಿಲ್ಲದ ವಾದ್ಯ ಸಂಗೀತ, ನಿಧಾನಗತಿಯದು. ಪಟ್ಟಿ ಡೋಸ್‌ಗಿಂತ ಉದ್ದ ಇರಲಿ, ಕನಿಷ್ಠ 90 ನಿಮಿಷ. ಮುಂಚಿತವಾಗಿ ಇಳಿಸಿಟ್ಟುಕೊಳ್ಳಿ, ಫೋನು ಏರೋಪ್ಲೇನ್ ಮೋಡ್‌ನಲ್ಲಿರಲಿ. ಉಚಿತ ಆ್ಯಪ್‌ನಲ್ಲಿ ಹಾಡಿನ ನಡುವೆ ಜಾಹೀರಾತು ಅರಚಿಕೊಂಡರೆ, ದೇಹದ ಗಡಿಯೇ ಕರಗಿಹೋದ ಆ ಸ್ಥಿತಿಯಲ್ಲಿ ಅದು ಅಶರೀರವಾಣಿಯಂತೆ ಕೇಳುತ್ತದೆ. ನೆನಪುಗಳು ಅಂಟಿಕೊಂಡಿರುವ ಹಳೆಯ ಮೆಚ್ಚಿನ ಹಾಡುಗಳೂ ಮೊದಲ ಬಾರಿಗೆ ಬೇಡ.

ಆ ನಲವತ್ತು ನಿಮಿಷ

ಡ್ರಿಪ್ ಶುರುವಾದ ಐದು ನಿಮಿಷಕ್ಕೆ ತುಟಿ, ಬೆರಳ ತುದಿ ಜುಮುಗುಡುತ್ತವೆ. ಹತ್ತು ನಿಮಿಷದ ಹೊತ್ತಿಗೆ ಶಬ್ದಗಳು ದೂರ ಸರಿದಂತೆ, ಕೈಕಾಲು ಭಾರವಾದಂತೆ ಅಥವಾ ಇಲ್ಲವೇ ಇಲ್ಲವೆಂಬಂತೆ ಆಗುತ್ತದೆ. ಹದಿನೈದರಿಂದ ಮೂವತ್ತೈದರವರೆಗೆ ಕಾಲದ ಲೆಕ್ಕ ತಪ್ಪುತ್ತದೆ: ಎರಡು ನಿಮಿಷ ಒಂದು ಗಂಟೆಯಾಗಬಹುದು. ಬಣ್ಣ, ಆಕಾರ, ತೇಲುವ ಅನುಭವ, ಕೆಲವೊಮ್ಮೆ ಏನೂ ಇಲ್ಲದ ಕತ್ತಲು. ತನ್ನದೇ ಬದುಕನ್ನು ದೂರದಿಂದ ನೋಡಿದಂತೆ ಆಗುವುದುಂಟು. ಹೆಚ್ಚಿನ ಚಿಕಿತ್ಸಕರು ಬೆಲೆ ಕೊಡುವುದು ಈ ಅಂತರಕ್ಕೆ.

ಆಗ ಥೆರಪಿಸ್ಟ್ ಮಾತನಾಡುವುದು ಕಡಿಮೆ. ಕಣ್ಣುಪಟ್ಟಿ ಕಟ್ಟಿಕೊಂಡು ಒಳಗೆ ಹೋದವರನ್ನು ಪ್ರಶ್ನೆ ಕೇಳಿ ಹೊರಗೆಳೆಯುವುದು ಸಲ್ಲ. ರೋಗಿ ತಾನಾಗಿ ಏನಾದರೂ ಹೇಳಿದರೆ ಅವರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಬೇಕು. ಕಡಿಮೆ ಡೋಸ್‌ನಲ್ಲಿ, ಮಾತು ಕಟ್ಟದ ಸ್ಥಿತಿಯಲ್ಲಿ, ಸಂಭಾಷಣೆ ನಡೆಸುವ ಪದ್ಧತಿಯೂ ಇದೆ. ಎದೆಗೆ ರಕ್ಷಾಕವಚ ತೊಟ್ಟು ಬದುಕಿದವರಿಗೆ ಅದು ಒಗ್ಗುತ್ತದೆ.

ಬಿಪಿ ಪಟ್ಟಿ 10–15 ನಿಮಿಷಕ್ಕೊಮ್ಮೆ ತಾನಾಗಿ ಉಬ್ಬುತ್ತದೆ. ದೌರ್ಜನ್ಯ ಅನುಭವಿಸಿದವರಿಗೆ ಅದು ಯಾರೋ ತೋಳು ಹಿಡಿದಂತೆ ಅನಿಸಿ ಬೆಚ್ಚಿ ಬೀಳಿಸಬಹುದು. ಎಚ್ಚರವಿರುವಾಗಲೇ ಎರಡು ಬಾರಿ ಉಬ್ಬಿಸಿ ಅಭ್ಯಾಸ ಮಾಡಿಸಿದರೆ ಈ ಗಾಬರಿ ತಪ್ಪುತ್ತದೆ.

ಡ್ರಿಪ್ ಮುಗಿದ ಮೇಲೆ 20–30 ನಿಮಿಷದಲ್ಲಿ ಕೋಣೆ ಮರಳಿ ಬರುತ್ತದೆ. ನಡಿಗೆ ಸರಿಯಾಗಲು ಇನ್ನೂ ಹೊತ್ತು ಬೇಕು. ವಾಹನ ಓಡಿಸುವುದು ಮರುದಿನ, ಚೆನ್ನಾಗಿ ನಿದ್ರೆಯಾದ ನಂತರ.

ಏನು ಕೆಡುತ್ತದೆ, ಆಗ ಏನು ಮಾಡುತ್ತಾರೆ

ವಾಕರಿಕೆ ಬಹಳ ಸಾಮಾನ್ಯ. ಹಿಂದೆ ಆಗಿದ್ದರೆ ಮುಂದಿನ ಬಾರಿ ಅರ್ಧ ಗಂಟೆ ಮೊದಲು ಒಂಡಾನ್ಸೆಟ್ರಾನ್ 4 ಮಿ.ಗ್ರಾಂ ಕೊಡುತ್ತಾರೆ. ತಲೆಯನ್ನು ಅತ್ತಿತ್ತ ಹೊರಳಿಸಿದರೆ ವಾಕರಿಕೆ ಹೆಚ್ಚುತ್ತದೆ. ತಲೆ ನೇರ, ಕಣ್ಣು ಮುಚ್ಚಿ, ಅಲುಗಾಡದೆ ಇರಿ. ವಾಂತಿ ಬಂದೇ ಬಿಟ್ಟರೆ ಪಕ್ಕಕ್ಕೆ ಹೊರಳಿಸುವುದು ಸಿಬ್ಬಂದಿಯ ಕೆಲಸ.

ಗಾಬರಿ ಬರುವುದು ಹೆಚ್ಚಾಗಿ ಏರುವ ಹೊತ್ತಿನಲ್ಲಿ, ಹಿಡಿತ ತಪ್ಪುತ್ತಿದೆ ಎನಿಸಿದಾಗ. ಆಗ ಉದ್ದದ ಸಮಾಧಾನ ಕೆಲಸ ಮಾಡುವುದಿಲ್ಲ. 'ಇದು ಔಷಧಿ. ಇಳಿಯುತ್ತದೆ. ನಾನು ಇಲ್ಲೇ ಇದ್ದೇನೆ' ಎಂಬ ಮೂರು ಮಾತು, ಬೇಕಾದಷ್ಟು ಬಾರಿ. ಸಂಗೀತ ತಗ್ಗಿಸಿ, ಡ್ರಿಪ್ ನಿಧಾನಿಸಿದರೆ ಬಹಳಷ್ಟು ಸಲ ಐದು ನಿಮಿಷದಲ್ಲಿ ತಿಳಿಯಾಗುತ್ತದೆ. ಆಗದಿದ್ದರೆ ಡ್ರಿಪ್ ನಿಲ್ಲಿಸಬೇಕು.

ಬಿಪಿ 180/110ರ ಆಚೆ ಹೋದರೆ, ಎದೆನೋವು, ಉಸಿರುಕಟ್ಟು, ತೀವ್ರ ತಲೆನೋವು ಬಂದರೆ ಡೋಸ್ ಅಲ್ಲಿಗೆ ಮುಗಿಯಿತು, ತುರ್ತು ಚಿಕಿತ್ಸೆ ಶುರು. ಡ್ರಿಪ್ ಸೂಜಿ ನಾಳದಿಂದ ಜಾರಿ ಕೈ ಊದಿದರೆ ಅನುಭವ ಬರುವುದೇ ಇಲ್ಲ. ಔಷಧಿ ಕೆಲಸ ಮಾಡಲಿಲ್ಲ ಎಂದು ತೀರ್ಮಾನಿಸುವ ಮೊದಲು ಕೈ ನೋಡಬೇಕು.

ಮುಂದಿನ ಏಳು ದಿನ

2010ರಲ್ಲಿ ಯೇಲ್‌ನಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನದಲ್ಲಿ ಒಂದು ಡೋಸ್ ಕೆಟಮೈನ್ ನಂತರ ಮಿದುಳಿನ ಮುಂಭಾಗದಲ್ಲಿ ನರಕೋಶಗಳ ನಡುವಿನ ಹೊಸ ಸಂಪರ್ಕಗಳು ಚಿಗುರಿದ್ದು ಕಂಡಿತು. ನರಕೋಶದ ಮೇಲೆ ಸಂದೇಶ ಹಿಡಿಯುವ ಎನ್‌ಎಂಡಿಎ ಗ್ರಾಹಕವನ್ನು ಕೆಟಮೈನ್ ತಡೆದಾಗ, ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕ ಒಮ್ಮೆ ಉಕ್ಕಿ, ಅದರ ಹಿಂದೆ ಈ ಚಿಗುರುವಿಕೆ ನಡೆಯುತ್ತದೆ ಎಂಬುದು ಸದ್ಯ ಹೆಚ್ಚು ಒಪ್ಪಿತವಾದ ವಿವರಣೆ. ಕೆಟಮೈನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಎರಡು ಮೂರು ಗಂಟೆ ಸಾಕು. ಮನಸ್ಸು ಹಗುರವಾಗಿ ಉಳಿಯುವುದು ದಿನಗಟ್ಟಲೆ. ಹೊಸದನ್ನು ಕಲಿಯಲು, ಹಳೆಯ ರೂಢಿ ಮುರಿಯಲು ಮಿದುಳು ಆ ದಿನಗಳಲ್ಲಿ ಹೆಚ್ಚು ಸಿದ್ಧವಿರುತ್ತದೆ ಎಂಬ ತರ್ಕದ ಮೇಲೆ ಮುಂದಿನ ಕೆಲಸ ನಿಂತಿದೆ.

ಅದೇ ಸಂಜೆ ಹತ್ತು ಸಾಲು ಬರೆಯಿರಿ, ಆಗದಿದ್ದರೆ ಫೋನಿಗೆ ಹೇಳಿ. ಅರ್ಥ ಹುಡುಕಬೇಡಿ, ಕಂಡದ್ದನ್ನು ಮಾತ್ರ. ಮರುದಿನಕ್ಕೆ ಕನಸಿನಂತೆ ಆವಿಯಾಗುತ್ತದೆ. 24ರಿಂದ 72 ಗಂಟೆಯೊಳಗೆ ಥೆರಪಿ ಸೆಷನ್ ನಿಗದಿಯಾಗಿರಲಿ, ಡೋಸ್‌ನ ದಿನಾಂಕದ ಜೊತೆಗೇ ಕಾಯ್ದಿರಿಸಿ. ಅಲ್ಲಿ ಆ ಸಾಲುಗಳನ್ನು ಮುಂದಿಟ್ಟುಕೊಂಡು ಸಿದ್ಧತೆಯಲ್ಲಿ ಗುರುತಿಸಿದ ನಂಬಿಕೆಗೆ ತಾಳೆ ಹಾಕುತ್ತಾರೆ.

ಹಗುರ ದಿನಗಳಿಗೆಂದು ಮೂರು ಸಣ್ಣ ಕೆಲಸಗಳ ಪಟ್ಟಿ ಡೋಸ್‌ಗೆ ಮೊದಲೇ ಸಿದ್ಧವಿರಲಿ: ಬೆಳಿಗ್ಗೆ ಇಪ್ಪತ್ತು ನಿಮಿಷ ನಡಿಗೆ, ತಿಂಗಳಿಂದ ಮುಂದೂಡಿದ ಒಂದು ಫೋನ್ ಕರೆ, ಒಬ್ಬರ ಜೊತೆ ಕೂತು ಊಟ. ಖಿನ್ನತೆ ಸಡಿಲಾದ ಹೊತ್ತಿನಲ್ಲಿ ಮಾಡಿದ ಇಂಥ ಕೆಲಸ, ಅದು ಮರಳಿ ಬಿಗಿಯಾದಾಗಲೂ ರೂಢಿಯಾಗಿ ಉಳಿಯಬಲ್ಲದು. ಕೆಲಸ ಬಿಡುವುದು, ಮದುವೆ ಮುರಿಯುವುದು, ಆಸ್ತಿ ಮಾರುವುದು ಇಂಥ ತೀರ್ಮಾನಗಳಿಗೆ ಎರಡು ವಾರ ಕೈ ಹಾಕಬೇಡಿ.

ನಾಲ್ಕನೇ ಐದನೇ ದಿನ ಕೆಲವರು ಧುತ್ತನೆ ಕುಸಿಯುತ್ತಾರೆ. ಹಗುರತೆ ಒಮ್ಮೆ ಕಂಡು ಮರಳಿ ಮುಳುಗುವುದು ಮೊದಲಿಗಿಂತ ಭಾರ. ಮನೆಯವರಿಗೆ ಈ ದಿನಗಳನ್ನು ಮೊದಲೇ ತಿಳಿಸಿಡಿ. ಸಾಯುವ ಯೋಚನೆ ಬಂದರೆ ಯಾರಿಗೆ ಕರೆ ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು ಎಂಬ ಚೀಟಿ ಫ್ರಿಜ್‌ನ ಬಾಗಿಲಿಗೆ ಅಂಟಿಸಿರಲಿ, ಮನೆಯ ಮಾತ್ರೆಗಳೆಲ್ಲ ಬೇರೊಬ್ಬರ ಕೈಯಲ್ಲಿರಲಿ.

ಆಘಾತ ಹೊತ್ತವರಿಗೆ ಬೇರೆ ಎಚ್ಚರ

ಆಘಾತದ ನಂತರ ಕಾಡುತ್ತಲೇ ಉಳಿಯುವ ಮಾನಸಿಕ ಕಾಯಿಲೆ ಪಿಟಿಎಸ್‌ಡಿಗೆ ಕೆಟಮೈನ್ ಎಷ್ಟು ಒದಗುತ್ತದೆ ಎಂಬುದಕ್ಕೆ ಪ್ರಯೋಗಗಳು ಒಂದೇ ದನಿಯಲ್ಲಿ ಉತ್ತರಿಸಿಲ್ಲ. 2021ರಲ್ಲಿ 30 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಎರಡು ವಾರದಲ್ಲಿ ಆರು ಡ್ರಿಪ್ ಪಡೆದವರಲ್ಲಿ ಶೇ 67 ಮಂದಿ ಸ್ಪಂದಿಸಿದರು, ಹೋಲಿಕೆಗೆ ಮಿಡಾಜೋಲಾಂ ಎಂಬ ಮಂಪರು ಔಷಧಿ ಪಡೆದವರಲ್ಲಿ ಶೇ 20. ಮರುವರ್ಷ 158 ಸೈನಿಕರು, ಮಾಜಿ ಸೈನಿಕರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಖಿನ್ನತೆ ಇಳಿಯಿತು, ಪಿಟಿಎಸ್‌ಡಿ ಲಕ್ಷಣಗಳಲ್ಲಿ ಸ್ಪಷ್ಟ ಮೇಲುಗೈ ಕಾಣಲಿಲ್ಲ. ಮನೋಚಿಕಿತ್ಸೆ ಬೆರೆಸಿದರೆ ಔಷಧಿಯೊಂದಕ್ಕಿಂತ ಎಷ್ಟು ಹೆಚ್ಚು ಲಾಭ ಎಂಬುದಕ್ಕೆ ಗಟ್ಟಿ ಪುರಾವೆ ಇನ್ನೂ ತೆಳು. ಇಷ್ಟು ಹೇಳದೆ ಹಣ ಕಟ್ಟಿಸಿಕೊಳ್ಳುವವರು ಪೂರ್ತಿ ಸತ್ಯ ಹೇಳುತ್ತಿಲ್ಲ.

ಡೋಸ್‌ನ ನಡುವೆ ಆಘಾತದ ಘಟನೆಯನ್ನು ಕೆದಕಿ ಕೇಳುವುದು ತಪ್ಪು. ಅದು ತಾನಾಗಿ ಎದ್ದರೆ ಪಕ್ಕದಲ್ಲಿ ಕೂತಿರುವುದು ಬೇರೆ, ಅಗೆದು ತೆಗೆಯುವುದು ಬೇರೆ. ನೆನಪಿನ ಎದುರು ಕೂರುವ ಕೆಲಸ ಎಚ್ಚರವಿರುವ ದಿನಗಳಲ್ಲಿ, ಆಘಾತ ಚಿಕಿತ್ಸೆಯಲ್ಲಿ ಪಳಗಿದವರ ಜೊತೆ ಆಗಬೇಕು. ಮೊದಲೇ ಮೈಮರೆತು 'ಕಳೆದುಹೋಗುವ' ತೊಂದರೆ ಇರುವವರಿಗೆ ದೇಹಕ್ಕೆ ಮರಳುವ ಅಭ್ಯಾಸ ಗಟ್ಟಿಯಾಗಿ ಬಂದ ಮೇಲಷ್ಟೇ ಡೋಸ್: ಅಂಗಾಲನ್ನು ನೆಲಕ್ಕೆ ಒತ್ತುವುದು, ಕೈಯಲ್ಲಿ ತಣ್ಣನೆ ಕಲ್ಲೊಂದನ್ನು ಹಿಡಿದು ಅದರ ಉಬ್ಬುತಗ್ಗು ಸವರುವುದು. ಕೆಟಮೈನ್‌ನಲ್ಲಿ ಹೊಸದಾಗಿ ಕಂಡ 'ಬಾಲ್ಯದ ದೃಶ್ಯ'ವನ್ನು ನಡೆದದ್ದೇ ಎಂದು ನಂಬಿ ಯಾರನ್ನೂ ಎದುರು ಹಾಕಿಕೊಳ್ಳಬೇಡಿ. ಅದು ನೆನಪೂ ಆಗಿರಬಹುದು, ಚಿತ್ರವೂ ಆಗಿರಬಹುದು. ಥೆರಪಿಯಲ್ಲಿ ಅದರ ಭಾವ ಸಾಕು.

ಅಳತೆ, ಅಂತರ, ನಿಲ್ಲಿಸುವುದು

ಮೊದಲ ಡೋಸ್‌ಗೆ ಮುಂಚೆ ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9 ತುಂಬಿ, ಆಘಾತವಿದ್ದರೆ ಪಿಟಿಎಸ್‌ಡಿ ಅಳೆಯುವ ಪಿಸಿಎಲ್-5 ಕೂಡ. ಪ್ರತಿ ವಾರ ಅದೇ ದಿನ, ಅದೇ ಹೊತ್ತು. ಪಿಎಚ್‌ಕ್ಯೂ-9ರ ಗರಿಷ್ಠ ಅಂಕ 27. ಅರ್ಧಕ್ಕಿಳಿದರೆ ಸ್ಪಂದನೆ, 5ಕ್ಕಿಂತ ಕೆಳಗಿಳಿದರೆ ಲಕ್ಷಣಮುಕ್ತಿ ಎನ್ನುತ್ತಾರೆ. ಅನುಭವ ಎಷ್ಟು ಅದ್ಭುತವಾಗಿತ್ತು ಎಂಬುದು ಅಳತೆಯಲ್ಲ. ಬ್ರಹ್ಮಾಂಡ ಕಂಡು ಬಂದವರ ಅಂಕ ಕದಲದೇ ಇರಬಹುದು, 'ಏನೂ ಆಗಲಿಲ್ಲ, ನಿದ್ದೆ ಬಂತು' ಎಂದವರ ಅಂಕ 21ರಿಂದ 9ಕ್ಕೆ ಇಳಿದಿರಬಹುದು.

ಡ್ರಿಪ್‌ನ ಮೊದಲ ಸುತ್ತು ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಆರು ಡೋಸ್. ಎರಡರ ನಂತರ ಏನೂ ಕಾಣದಿದ್ದರೆ ಡೋಸ್ ಸ್ವಲ್ಪ ಏರಿಸಿ ನೋಡುತ್ತಾರೆ. ಆರಕ್ಕೂ ಅಂಕ ಕದಲದಿದ್ದರೆ ಹತ್ತನೆಯದಕ್ಕೆ ಕದಲೀತೆಂದು ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ, ಬೇರೆ ದಾರಿ ನೋಡಿ.

ಸ್ಪಂದಿಸಿದವರಿಗೆ ಆಮೇಲೆ ಅಂತರ ಹಿಗ್ಗಿಸುತ್ತಾರೆ: ವಾರ, ಎರಡು ವಾರ, ಮೂರು, ನಾಲ್ಕು. ಅಂಕ ಏರತೊಡಗುವ ಅಂತರಕ್ಕಿಂತ ಸ್ವಲ್ಪ ಕಡಿಮೆ ಯಾವುದೋ ಅದು ನಿಮ್ಮ ಅಂತರ. ಅದು ಹಿಗ್ಗುವ ಬದಲು ಕುಗ್ಗುತ್ತಿದ್ದರೆ, ಡೋಸ್ ಏರಿಸಬೇಕೆನಿಸುತ್ತಿದ್ದರೆ, ಲಕ್ಷಣಕ್ಕಿಂತ ಆ ತೇಲುವಿಕೆಗಾಗಿ ಮನಸ್ಸು ಎಳೆಯುತ್ತಿದ್ದರೆ, ಥೆರಪಿ ಸೆಷನ್ ತಪ್ಪಿಸಿ ಡೋಸ್‌ಗೆ ಮಾತ್ರ ಹಾಜರಾಗುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳುವ ಹೊತ್ತು ಬಂದಿದೆ. ಚಟ ಶುರುವಾಗುವುದು ಹೀಗೇ. ಮುಂದುವರಿದ ಚಿಕಿತ್ಸೆಯಲ್ಲಿ ಪ್ರತಿ ಭೇಟಿಗೂ ಮೂತ್ರದ ವಿಚಾರಣೆ ಆಗಬೇಕು: ಪದೇ ಪದೇ ಅವಸರವಾಗುತ್ತಿದೆಯೇ, ಉರಿ ಇದೆಯೇ, ಕಿಬ್ಬೊಟ್ಟೆ ನೋಯುತ್ತಿದೆಯೇ, ಮೂತ್ರದಲ್ಲಿ ರಕ್ತ ಕಂಡಿತೇ. ನಶೆಗೆಂದು ದಿನವೂ ಬಳಸಿದವರಲ್ಲಿ ಕೆಟಮೈನ್ ಮೂತ್ರಕೋಶವನ್ನು ಮುದುಡಿಸಿ ಹಾಳು ಮಾಡಿದ ಪ್ರಕರಣಗಳಿವೆ; ಚಿಕಿತ್ಸೆಯ ಪ್ರಮಾಣದಲ್ಲಿ ಅದು ಅಪರೂಪ. ಆದರೂ ಮೇಲಿನ ಒಂದಕ್ಕೆ ಹೌದು ಎಂಬ ಉತ್ತರ ಬಂದರೂ ಮುಂದಿನ ಡೋಸ್ ತಡೆಹಿಡಿದು, ಮೂತ್ರ ಪರೀಕ್ಷೆ ಮಾಡಿಸಿ, ಸೋಂಕಿಲ್ಲವೆಂದಾದರೆ ಮೂತ್ರರೋಗ ತಜ್ಞರ ಬಳಿಗೆ ಕಳಿಸಬೇಕು.